ಸೂಟಿಯೊಳಗೊಂದು ಸೂಟಿ

ಶಿಕ್ಷಕರ ಬೇಸಿಗೆ ರಜೆಯ ಬಗ್ಗೆ ಎಲ್ಲರಿಗಿಂತ ಹೆಚ್ಚು ತಿಳಿದವರು ಶಿಕ್ಷಕರಲ್ಲದವರು. ಬ್ಯಾಂಕಿನವರು, ಕಿರಾಣಿ ಅಂಗಡಿಯವರು, ಬೀಗರು, ಎಲ್ಲರದೂ ಒಂದೇ ಮಾತು: "ನಿಮ್ದೇನ್ ಬಿಡ್ರಿ ಟೀಚರ, ಎರಡು ತಿಂಗಳು ಸೂಟಿ." ಕಲಬುರಗಿಯಿಂದ ಮದುವೆಯಾಗಿ ಹೈದರಾಬಾದಿಗೆ ಬಂದೆ. ಬರ್ಕತ್‌ಪುರದ ಬಾಡಿಗೆ ಮನೆಯಲ್ಲಿ ಸಂಸಾರ ಹೂಡಿದೆ. ನಿವೃತ್ತಿಯಾಗುವವರೆಗೆ ಹೈಸ್ಕೂಲಿನ ಮಕ್ಕಳಿಗೆ ಗಣಿತ ಕಲಿಸಿದೆ. ಅಷ್ಟೂ ವರ್ಷ ಈ ಮಾತನ್ನು ಕನ್ನಡ, ತೆಲುಗು, ಉರ್ದು ಮೂರರಲ್ಲೂ ಕೇಳಿಸಿಕೊಂಡಿದ್ದೇನೆ. ತೆಲುಗಿನಲ್ಲಿ ಹೇಳಿದರೆ ಮರ್ಯಾದೆ ಒಂದು ಗುಲಗಂಜಿ ಹೆಚ್ಚು, ಉರ್ದುವಿನಲ್ಲಿ ಹೇಳಿದರೆ ನಗೆ ಹೆಚ್ಚು. ಹೊಟ್ಟೆಕಿಚ್ಚು ಮಾತ್ರ ಮೂರರಲ್ಲೂ ಸಮ.

ಲೆಕ್ಕ ಹಾಕಿದರೆ ಅದು ಎರಡು ತಿಂಗಳೂ ಆಗುವುದಿಲ್ಲ. ತೆಲಂಗಾಣದಲ್ಲಿ ಈಚಿನ ವರ್ಷಗಳಲ್ಲಿ ಏಪ್ರಿಲ್ 24ರಿಂದ ಸೂಟಿ, ಜೂನ್ 12ಕ್ಕೆ ಮತ್ತೆ ಶಾಲೆ. ನಡುವೆ ಏಳು ವಾರ. ನಮ್ಮ ಪಕ್ಕದ ಮನೆಯಾಕೆ ಸರ್ಕಾರಿ ಶಾಲೆಯ ಶಿಕ್ಷಕಿ. ಹತ್ತನೆಯ ತರಗತಿಯ ಉತ್ತರಪತ್ರಿಕೆ ತಿದ್ದಿ ಕೈ ಸೋತ ಮೇಲೆ ಅವರ ಸೂಟಿ ಶುರು. ಚುನಾವಣೆ ಬಂದರೆ ಅದೂ ಹೋಯಿತು. 2024ರಲ್ಲಿ ಲೋಕಸಭೆಗೆ ಇಲ್ಲಿ ಮತದಾನ ನಡೆದದ್ದು ಮೇ 13ಕ್ಕೆ, ಸೂಟಿಯ ನಟ್ಟನಡುವೆ. ಜೂನ್ ಹತ್ತಿರವಾಗುತ್ತಿದ್ದಂತೆ 'ಬಡಿ ಬಾಟ' ಬರುತ್ತದೆ. ಮನೆಮನೆಗೆ ಹೋಗಿ, ನಿಮ್ಮ ಮಕ್ಕಳನ್ನು ಸರ್ಕಾರಿ ಶಾಲೆಗೆ ಸೇರಿಸಿ ಎಂದು ಕೇಳಿಕೊಳ್ಳುವ ಅಭಿಯಾನ ಅದು. ಬಿಸಿಲಿಗೆ ಕೊಡೆ ಹಿಡಿದು, ಕೈಯಲ್ಲಿ ರಿಜಿಸ್ಟರ್ ಹಿಡಿದು ಆಕೆ ಹೊರಡುವುದನ್ನು ನಾನು ಬಾಲ್ಕನಿಯಿಂದ ನೋಡುತ್ತಿದ್ದೆ. ಎದುರು ಮನೆಯವರು ಆಗಲೂ ಅದನ್ನೇ ಹೇಳುತ್ತಿದ್ದರು, ಟೀಚರಮ್ಮನಿಗೆ ಸೂಟಿ ಎಂದು.

ನನ್ನ ಕಥೆ ಖಾಸಗಿ ಶಾಲೆಯದು. ಮೊದಲು ಸೇರಿದ ಶಾಲೆಯಲ್ಲಿ ಮೇ ತಿಂಗಳಿಗೆ ಸಂಬಳ ಇರಲಿಲ್ಲ. ನೇಮಕದ ಪತ್ರದಲ್ಲಿ ಈ ವಿಷಯ ಬರೆದಿರಲಿಲ್ಲ. ಏಪ್ರಿಲ್ ಕೊನೆಗೆ ಲೆಕ್ಕದ ಗುಮಾಸ್ತರು ಕೆಮ್ಮಿ, ಕನ್ನಡಕ ಸರಿಮಾಡಿಕೊಂಡು ಹೇಳುತ್ತಿದ್ದರು. ಕೆಲವರನ್ನು ಏಪ್ರಿಲ್‌ನಲ್ಲಿ ಬಿಡಿಸಿ ಜೂನ್‌ನಲ್ಲಿ ಹೊಸಬರಂತೆ ಮತ್ತೆ ಸೇರಿಸಿಕೊಳ್ಳುವ ಪದ್ಧತಿಯೂ ಇತ್ತು. ಮನೆ ಮಾಲೀಕರು ಮೇ ತಿಂಗಳ ಬಾಡಿಗೆಗೆ ಸೂಟಿ ಕೊಡುವವರಲ್ಲ. ಹಾಗಾಗಿ ನಾರಾಯಣಗುಡದ ಒಂದು ಕೋಚಿಂಗ್ ಸೆಂಟರಿನಲ್ಲಿ, ಹತ್ತನೆಯ ತರಗತಿಗೆ ಹೋಗಲಿರುವ ಮಕ್ಕಳಿಗೆ ಬೆಳಿಗ್ಗೆ ಆರೂವರೆಗೆ ಮುಂಗಡ ಪಾಠ ಮಾಡಲು ಹೋಗುತ್ತಿದ್ದೆ. ಪಾಪ, ಆ ಮಕ್ಕಳಿಗೂ ಸೂಟಿ ಇರಲಿಲ್ಲ. ಕಣ್ಣಲ್ಲಿ ಇನ್ನೂ ನಿದ್ದೆ ಇಟ್ಟುಕೊಂಡೇ ವರ್ಗ ಸಮೀಕರಣ ಬರೆದುಕೊಳ್ಳುತ್ತಿದ್ದರು. ವಿಶ್ರಾಂತಿ ಮತ್ತು ವೃತ್ತಿಯ ಬೆಳವಣಿಗೆ ಎರಡನ್ನೂ ಹೇಗೆ ತೂಗಿಸಬೇಕು ಎಂದು ಈಗ ಶಾಲೆಗಳಿಗೆ ಬಂದು ಉಪನ್ಯಾಸ ಕೊಡುವವರಿದ್ದಾರೆ. ಅವರು ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಮೇ ತಿಂಗಳ ಸಂಬಳ ಬಂತೇನ್ರಿ?

ಆಮೇಲೆ ಹನ್ನೆರಡು ತಿಂಗಳೂ ಸಂಬಳ ಕೊಡುವ ಶಾಲೆ ಸಿಕ್ಕಿತು. ಕೋಚಿಂಗ್ ಬಿಟ್ಟೆ. ಬಿಟ್ಟ ಮೊದಲ ಬೇಸಿಗೆಯಲ್ಲೇ ಗಂಟಲು ಹೋಯಿತು. ಮಾರ್ಚ್‌ನಿಂದಲೂ ಒರಟಾಗಿದ್ದ ಧ್ವನಿ ಏಪ್ರಿಲ್ ಕೊನೆಗೆ ಪೂರ್ತಿ ಕೂತಿತು. ಕೋಠಿಯ ಸರ್ಕಾರಿ ಇಎನ್‌ಟಿ ಆಸ್ಪತ್ರೆಯಲ್ಲಿ ಡಾಕ್ಟರು ಕನ್ನಡಿ ಹಾಕಿ ನೋಡಿ, ಧ್ವನಿತಂತುಗಳು ಬಾತಿವೆ, ಮಾತು ಪೂರ್ತಿ ಬಂದ್ ಮಾಡಿ ಎಂದರು. ಪಿಸುಮಾತಿನಲ್ಲಿ ಸಂಸಾರ ನಡೆಸುತ್ತೇನೆ ಅಂದುಕೊಂಡೆ. ಅದೂ ಬೇಡವಂತೆ. ಪಿಸುಗುಟ್ಟಿದರೆ ಗಂಟಲಿಗೆ ಇನ್ನೂ ತ್ರಾಸು ಎಂದು ಗದರಿದರು. ಅವರ ಹೊರಕೋಣೆಯ ಬೆಂಚಿನ ಮೇಲೆ ನನ್ನಂತೆ ಕೂತಿದ್ದವರಲ್ಲಿ ಇಬ್ಬರು ಶಿಕ್ಷಕಿಯರು, ಒಬ್ಬರು ಮಸೀದಿಯಲ್ಲಿ ಆಜಾನ್ ಕೂಗುವವರು, ಒಬ್ಬ ತಳ್ಳುಗಾಡಿಯ ತರಕಾರಿಯವನು. ಯಾರೂ ಮಾತಾಡುವಂತಿರಲಿಲ್ಲ. ಕಣ್ಣಲ್ಲೇ ನಕ್ಕೆವು.

ಆ ಮೌನದಲ್ಲಿ ಒಂದು ಸಂಗತಿ ಹೊಳೆಯಿತು. ಶಿಕ್ಷಕರ ದಣಿವು ಕೂಲಿಯವರ ದಣಿವಿನಂತೆ ಮೈಯಲ್ಲಿ ಇರುವುದಿಲ್ಲ, ಗುಮಾಸ್ತರ ದಣಿವಿನಂತೆ ಕಣ್ಣಲ್ಲೂ ಇರುವುದಿಲ್ಲ. ನಲವತ್ತು ಜೋಡಿ ಕಣ್ಣು ಇಡೀ ದಿನ ನಮ್ಮನ್ನು ನೋಡುತ್ತಿರುತ್ತವೆ. ಆ ಕಣ್ಣುಗಳ ಮುಂದೆ, ಉತ್ತರ ಗೊತ್ತಿರುವ ಪ್ರಶ್ನೆಗಳನ್ನು ಗೊತ್ತಿಲ್ಲದವರಂತೆ ಮತ್ತೆ ಮತ್ತೆ ಕೇಳುತ್ತಿರಬೇಕು. ಗೊತ್ತಿರುವುದನ್ನೇ ಹೇಳಿ ಹೇಳಿ ಬರುವ ದಣಿವು ಇದು. ಬರೀ ನಿದ್ದೆಯಿಂದ ಅದರ ಅರ್ಧ ಮಾತ್ರ ಹೋಗುತ್ತದೆ.

ಹಾಗೆಂದು ನಿದ್ದೆಯನ್ನು ಕೀಳು ಮಾಡುವವಳು ನಾನಲ್ಲ. ಹೈದರಾಬಾದಿನ ಮೇ ತಿಂಗಳು ಮನುಷ್ಯರನ್ನು ಮಧ್ಯಾಹ್ನ ಮಲಗಿಸುವುದಕ್ಕೇ ಇರುವುದು. ನಲವತ್ತೆರಡು ಡಿಗ್ರಿ ಬಿಸಿಲು, ಕಿಟಕಿಗೆ ಒದ್ದೆ ಮಾಡಿದ ಖಸ್ ತಟ್ಟಿ, ಕೂಲರಿನ ಗುರ್ ಗುರ್ ಸದ್ದು. ಸೂಟಿಯ ಮೊದಲ ದಿನಗಳಲ್ಲಿ ಊಟ ಮಾಡಿದವಳು ಸೀದಾ ನೆಲದ ಮೇಲೆ ಉರುಳುತ್ತಿದ್ದೆ. ನಮ್ಮ ಅತ್ತೆಯವರು ಮೊದಮೊದಲು ಅದನ್ನು ಸೋಮಾರಿತನ ಅಂದುಕೊಂಡರು. ಆಮೇಲೆ ಅವರೇ ಬಂದು ಪಕ್ಕಕ್ಕೆ ಮಲಗತೊಡಗಿದರು. ಅಡ್ಡಿಯಾಗುತ್ತಿದ್ದದ್ದು ಉಪ್ಪಿನಕಾಯಿ. ಮಾವಿನಕಾಯಿ ಬರುವ ಕಾಲ ಮತ್ತು ಶಾಲೆಗೆ ಸೂಟಿ ಬರುವ ಕಾಲ ಒಂದೇ ಆಗಿರುವುದು ಹೆಂಗಸರ ವಿರುದ್ಧ ಯಾರೋ ಹೂಡಿದ ಸಂಚು ಎಂಬ ಗುಮಾನಿ ನನಗೆ ಇಂದಿಗೂ ಇದೆ. ರೈತು ಬಜಾರಿನಲ್ಲಿ ಸಾಲಾಗಿ ಕೂತು, ದಪ್ಪ ಕತ್ತಿಯಿಂದ ಕಾಯನ್ನು ಗೊರಟೆಯ ಸಮೇತ ತುಂಡು ಮಾಡಿಕೊಡುವವರ ಮುಂದೆ ಸರದಿ ಹಿಡಿಯಬೇಕು. ಮನೆಗೆ ತಂದು ಒರೆಸಿ, ಸಾಸಿವೆ ಪುಡಿ, ಖಾರ, ಉಪ್ಪು ಬೆರೆಸಿ, ಎಣ್ಣೆ ಹೊಯ್ದು ಆವಕಾಯಿ ಜಾಡಿ ತುಂಬಿಸಬೇಕು. ಗಂಡಸು ಶಿಕ್ಷಕರಿಗೆ ಸೂಟಿ ಅಂದರೆ ಸೂಟಿ. ನಮಗೆ ಅಡುಗೆಮನೆಯ ಎರಡನೆಯ ಪಾಳಿ.

ಇನ್ನು ಅಪ್ಪನ ಸೂಟಿಯ ಕಥೆಗೆ ಬರುತ್ತೇನೆ. ಅವರೂ ಗಣಿತದ ಮಾಸ್ತರು, ಕಲಬುರಗಿಯಲ್ಲಿ. ಹುಟ್ಟಿದ್ದು ನಿಜಾಮರ ರಾಜ್ಯದಲ್ಲಿ. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ದಖನಿ, ಶಾಲೆಯಲ್ಲಿ ಉರ್ದು. ಮುಂದೆ ಓದಲು ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಬಂದರು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾದ ಹೆಗ್ಗಳಿಕೆಯೇ ಅದು: ಗಣಿತ, ವಿಜ್ಞಾನ, ವೈದ್ಯ ಎಲ್ಲವನ್ನೂ ಉರ್ದುವಿನಲ್ಲಿ ಕಲಿಸಬೇಕೆಂದು ಹಟ ಹಿಡಿದು, ಇಂಗ್ಲಿಷಿನ ಪಠ್ಯಗಳನ್ನು ತರ್ಜುಮೆ ಮಾಡಲೆಂದೇ ಒಂದು ವಿಭಾಗ ಕಟ್ಟಿತ್ತು, ದಾರುಲ್ ತರ್ಜುಮಾ ಎಂದು. ಅಪ್ಪನ ಜಾಮೆಟ್ರಿಯ ತ್ರಿಭುಜಕ್ಕೆ ಎ, ಬಿ, ಸಿ ಇರಲಿಲ್ಲ. ಅಲಿಫ್, ಬೇ, ಜೀಮ್ ಇದ್ದವು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು. 1956ರ ನವೆಂಬರ್ 1ಕ್ಕೆ ಕಲಬುರಗಿ, ಬೀದರ, ರಾಯಚೂರು ಮೈಸೂರು ರಾಜ್ಯಕ್ಕೆ ಬಂದವು. ಅಪ್ಪ ಮಾಸ್ತರಿಕೆ ಶುರು ಮಾಡಿದ ಹೊತ್ತಿಗೆ ಕನ್ನಡದಲ್ಲಿ ಕಲಿಸಬೇಕಾಗಿ ಬಂತು. ತಾಯಿಭಾಷೆ ಕನ್ನಡವೇ, ಹಾಡು, ಬೈಗುಳ, ದೇವರ ಮಾತು ಎಲ್ಲ ಅದರಲ್ಲೇ. ಲೆಕ್ಕ ಮಾತ್ರ ತಲೆಯಲ್ಲಿ ಉರ್ದುವಿನಲ್ಲಿ ಓಡುತ್ತಿತ್ತು.

ಅವರಿಗೆ ಯಾರೂ ತರಬೇತಿ ಶಿಬಿರ ನಡೆಸಿದ್ದು ನಾನು ಕೇಳಿಲ್ಲ. ಬೇಸಿಗೆಯಲ್ಲಿ ನಸುಕಿಗೆ ಎದ್ದು, ಅಂಗಳದ ಬೇವಿನ ಗಿಡದ ಕೆಳಗೆ ಹೊರಸಿನ ಮೇಲೆ ಕೂತು ನೋಟ್‌ಬುಕ್ಕಿನಲ್ಲಿ ಏನೋ ಬರೆಯುತ್ತಿದ್ದರು. ಬಿಸಿಲು ಏರಿದ ಕೂಡಲೇ ಬರವಣಿಗೆ ಬಂದ್. ಮಧ್ಯಾಹ್ನದ ನಿದ್ದೆಗೆ ಯಾರಾದರೂ ಅಡ್ಡ ಬಂದರೆ ಮಾತ್ರ ಅವರಿಗೆ ಸಿಟ್ಟು ಬರುತ್ತಿತ್ತು. ಸಂಜೆ ಯಾವ ಪುಸ್ತಕವನ್ನೂ ಮುಟ್ಟುತ್ತಿರಲಿಲ್ಲ. ಶರಣಬಸವೇಶ್ವರ ಗುಡಿಯ ಕೆರೆಯ ಕಡೆ ತಿರುಗಾಡಿ ಬರುತ್ತಿದ್ದರು. ನಮ್ಮ ಅವ್ವ ಅದನ್ನು "ನಿಮ್ಮಪ್ಪನ ಸೂಟಿಯೊಳಗಿನ ಸಾಲಿ" ಅನ್ನುತ್ತಿದ್ದಳು.

ಅಪ್ಪ ತೀರಿಕೊಂಡ ಮೇಲೆ ಒಂದು ಬೇಸಿಗೆ ತವರಿಗೆ ಹೋದಾಗ ಅಣ್ಣ ಟ್ರಂಕು ತೆಗೆದು, "ಇದು ನಿನಗ ಇರ್ಲಿ ತಂಗಿ, ನನಗೇನ್ ತಿಳಿತದ" ಎಂದು ಆ ನೋಟ್‌ಬುಕ್ಕುಗಳನ್ನು ಕೊಟ್ಟ. ವಾಡಿ, ಚಿತ್ತಾಪುರ, ಸೇಡಂ, ತಾಂಡೂರು, ವಿಕಾರಾಬಾದ್ ದಾಟಿ ರೈಲು ನಾಂಪಲ್ಲಿ ಸೇರುವವರೆಗೂ ಅವನ್ನೇ ತಿರುವುತ್ತಿದ್ದೆ. ಪ್ರತಿ ಪುಸ್ತಕವನ್ನೂ ಎರಡೂ ತುದಿಯಿಂದ ಬರೆದಿದ್ದರು. ಉರ್ದು ಬಲದಿಂದ ಎಡಕ್ಕೆ ಹೋಗುವ ಬರಹವಾದ್ದರಿಂದ ಆ ಭಾಗ ನಮ್ಮ ಲೆಕ್ಕದ ಕೊನೆಯ ರಟ್ಟಿನಿಂದ ಶುರುವಾಗಿತ್ತು. ಕನ್ನಡದ ಭಾಗ ಈ ಕಡೆಯ ರಟ್ಟಿನಿಂದ. ನಡುವೆ ಒಂದಿಷ್ಟು ಖಾಲಿ ಹಾಳೆ. ಕನ್ನಡ ಓದಿದೆ. ಉರ್ದು ಮಾತು ನನಗೆ ಚೆನ್ನಾಗಿ ಬರುತ್ತದೆ, ಕಲಬುರಗಿಯಲ್ಲಿ ಬೆಳೆದವರಿಗೆ ಅದು ಕಲಿಯಬೇಕಾದ ಭಾಷೆಯಲ್ಲ. ಅಕ್ಷರ ಒಂದೂ ಬರುತ್ತಿರಲಿಲ್ಲ.

ಹೀಗೆ ನಲವತ್ತು ದಾಟಿದ ಮೇಲೆ ನಾನು ಖಾಯಿದಾ ಎಂಬ ಅಕ್ಷರಮಾಲೆಯ ಪುಸ್ತಕ ಹಿಡಿದು ಉರ್ದು ಅಕ್ಷರ ಕಲಿಯಲು ಹೊರಟೆ. ಮಲಕ್‌ಪೇಟೆಯಲ್ಲಿ ಒಬ್ಬರು ನಿವೃತ್ತ ಶಿಕ್ಷಕಿಯಿದ್ದರು. ಎಲ್ಲರಿಗೂ ಅವರು ಆಪಾ, ಅಂದರೆ ಅಕ್ಕ, ನನಗೂ ಆಪಾ. ಕಾಚಿಗುಡದಲ್ಲಿ ಎಂಎಂಟಿಎಸ್ ರೈಲು ಹತ್ತಿದರೆ ಮುಂದಿನ ನಿಲ್ದಾಣವೇ ಮಲಕ್‌ಪೇಟೆ. ಬೆಳಿಗ್ಗೆ ತಂಪಿರುವಾಗ ಹೋಗಿ ಬಿಸಿಲು ಏರುವ ಮೊದಲು ಮನೆ ಸೇರುತ್ತಿದ್ದೆ. ವ್ಯಾನಿಟಿ ಬ್ಯಾಗಿನಲ್ಲಿ ಸ್ಲೇಟು ಇತ್ತು. ಆಪಾಗೆ ನೋಟ್‌ಬುಕ್ ಆಗುತ್ತಿರಲಿಲ್ಲ, ಅಳಿಸಲು ಬರುವಂಥದ್ದು ಬೇಕು ಎನ್ನುತ್ತಿದ್ದರು.

ಕಲಿಯುವುದು ಎಷ್ಟು ಕಷ್ಟ ಎಂಬುದನ್ನು ಕಲಿಸುವವರು ಎಷ್ಟು ಬೇಗ ಮರೆಯುತ್ತೇವೆ! ಬೇ, ಪೇ, ತೇ, ಸೇ ನಾಲ್ಕಕ್ಕೂ ದೋಣಿಯಂಥ ಒಂದೇ ಆಕಾರ. ಚುಕ್ಕೆ ಮೇಲೋ ಕೆಳಗೋ, ಒಂದೋ ಮೂರೋ ನೋಡಿ ಗುರುತಿಸಬೇಕು. ಅದೇ ಅಕ್ಷರ ಪದದ ಮೊದಲಲ್ಲಿ ಒಂದು ರೂಪ, ನಡುವೆ ಒಂದು, ಕೊನೆಯಲ್ಲಿ ಇನ್ನೊಂದು. 'ಜ಼'ಕಾರದ ಸದ್ದಿಗೆ ನಾಲ್ಕು ಅಕ್ಷರ, ಯಾವ ಪದಕ್ಕೆ ಯಾವುದು ಎಂಬುದಕ್ಕೆ ಕಿವಿಯ ಸಹಾಯ ಸಿಗುವುದಿಲ್ಲ. ಎಲ್ಲಕ್ಕಿಂತ ಮೋಜಿನದು ಅಂಕಿ. ಅಕ್ಷರ ಬಲದಿಂದ ಎಡಕ್ಕೆ ಬರೆಯುತ್ತ ಹೋಗುತ್ತೇವೆ, ನಡುವೆ 1948 ಎಂದು ಬರೆಯಬೇಕಾಗಿ ಬಂದರೆ ಕೈ ಹಾರಿ ಆ ಕಡೆ ಹೋಗಿ ಎಡದಿಂದ ಬಲಕ್ಕೆ ಅಂಕಿ ಬರೆದು, ಮತ್ತೆ ಹಾರಿ ಮುಂದಿನ ಪದಕ್ಕೆ ಬರಬೇಕು. ನನ್ನ ಕೈ ಅಲ್ಲಿ ಪ್ರತಿ ಸಲ ಗಕ್ಕನೆ ನಿಲ್ಲುತ್ತಿತ್ತು. ಆಪಾ ಗಡಿಯಾರ ನೋಡುತ್ತಿರಲಿಲ್ಲ. "ಜಲ್ದಿ ನಕ್ಕೋ", ಅವಸರ ಬೇಡ, ಎಂದು ಹೇಳಿ ಚಹಾ ಮಾಡಲು ಒಳಗೆ ಹೋಗಿಬಿಡುತ್ತಿದ್ದರು. ನೋಡುವ ಕಣ್ಣಿಲ್ಲದಾಗ ಕೈ ಮುಂದೆ ಓಡುತ್ತದೆ ಎಂದು ಅವರಿಗೆ ಗೊತ್ತಿತ್ತು. ಮುಂದಿನ ಜೂನ್‌ನಿಂದ ನಾನೂ ಹೇಳಿಕೆಯ ಲೆಕ್ಕ ಓದಿದ ಮೇಲೆ ಬೋರ್ಡಿನ ಕಡೆ ತಿರುಗಿ, ಅಲ್ಲಿಲ್ಲದ ಏನನ್ನೋ ಒರೆಸುತ್ತ ನಿಲ್ಲತೊಡಗಿದೆ.

ಆ ದಿನಗಳಲ್ಲಿ ವಿಚಿತ್ರವಾದ ಆರಾಮ ಸಿಕ್ಕಿತು. ಮೂರಕ್ಷರದ ಪದ ಓದಲು ಬೆವರುತ್ತಿದ್ದೆ, ಮನೆಗೆ ಬರುವಾಗ ಮಾತ್ರ ಹಗುರಾಗಿರುತ್ತಿದ್ದೆ. ಗೊತ್ತಿಲ್ಲ ಎಂದು ಹೇಳುವ ಹಕ್ಕು ವರ್ಷವಿಡೀ ನಮಗಿರುವುದಿಲ್ಲ. ಆಪಾನ ಮನೆಯ ದಿವಾನದ ಮೇಲೆ ಕೂತು ಆ ಹಕ್ಕನ್ನು ಮನಸಾರೆ ಬಳಸಿದೆ. ಮಧ್ಯಾಹ್ನದ ನಿದ್ದೆಯೂ ಆ ಬೇಸಿಗೆಯಷ್ಟು ಗಾಢವಾಗಿ ಇನ್ನೆಂದೂ ಬಂದಿಲ್ಲ.

ನೋಟ್‌ಬುಕ್ ಓದಲು ಇನ್ನೊಂದು ಬೇಸಿಗೆ ಹಿಡಿಯಿತು. ಅಪ್ಪನದು ಶಿಕಸ್ತಾ ಎನ್ನುವ ಗೀಚು ಬರಹ, ಖಾಯಿದಾದ ಅಚ್ಚಿನ ಅಕ್ಷರಕ್ಕೂ ಅದಕ್ಕೂ ಸಂಬಂಧವೇ ಇಲ್ಲದಂತಿತ್ತು. ಆಪಾ ಓದಿ ಹೇಳುತ್ತಿದ್ದರು, ನಾನು ಚಿತ್ರ ನೋಡಿ ಗಣಿತ ಹೇಳುತ್ತಿದ್ದೆ. ಹಾಗೆ ಇಬ್ಬರೂ ಸೇರಿ ಪುಟ ದಾಟಿಸಿದೆವು. ಪೈಥಾಗೊರಸ್ ಪ್ರಮೇಯದ ಹತ್ತಿರ ಅಂಚಿನಲ್ಲಿ ಸಣ್ಣದಾಗಿ ಏನೋ ಇತ್ತು. ಆಪಾ ಕನ್ನಡಕ ತೆಗೆದು, ಪುಸ್ತಕ ಕಣ್ಣಿಗೆ ಹತ್ತಿರ ಹಿಡಿದು ಓದಿದರು: "ಯಹಾಂ ಲಡ್ಕೇ ಅಟಕ್ತೇ ಹೈಂ." ಇಲ್ಲಿ ಹುಡುಗರು ಸಿಕ್ಕಿಬೀಳುತ್ತಾರೆ. ಮನೆಗೆ ಬಂದು ಅದೇ ನೋಟ್‌ಬುಕ್ಕಿನ ಕನ್ನಡದ ತುದಿಯಿಂದ ಹುಡುಕಿದೆ. ಅದೇ ಪ್ರಮೇಯ, ಅದೇ ಚಿತ್ರ, ಅಂಚಿನಲ್ಲಿ ಅದೇ ಜಾಗಕ್ಕೆ ಒಂದು ಗೀಟು.

ಅದು ಯೂಕ್ಲಿಡ್ ಕೊಟ್ಟ ಸಾಧನೆ. ಲಂಬಕೋನ ತ್ರಿಭುಜದ ಮೂರೂ ಬಾಹುಗಳ ಮೇಲೆ ಚೌಕ ಕಟ್ಟಿ, ಎರಡು ಉದ್ದ ತ್ರಿಭುಜಗಳು ಸರ್ವಸಮ ಎಂದು ತೋರಿಸಬೇಕು. ಆ ಎರಡೂ ನಿಜಕ್ಕೂ ಒಂದೇ ತ್ರಿಭುಜ, ಒಂದು ಮೂಲೆಯನ್ನು ಹಿಡಿದು ತೊಂಬತ್ತು ಡಿಗ್ರಿ ತಿರುಗಿಸಿದ್ದು. ಕಾಗದದ ಮೇಲೆ ಅದು ಕಾಣುವುದಿಲ್ಲ. ಈಗಿನ ಪುಸ್ತಕಗಳಲ್ಲಿ ಸಮರೂಪ ತ್ರಿಭುಜಗಳ ದಾರಿ ಹಿಡಿಯುತ್ತಾರೆ. ಆ ದಾರಿಯಲ್ಲೂ ನನ್ನ ಮಕ್ಕಳು ಸಿಕ್ಕಿಬೀಳುತ್ತಿದ್ದದ್ದು ತಿರುಗಿ ಕೂತ ತ್ರಿಭುಜದಲ್ಲಿ ಯಾವ ಬಾಹು ಯಾವುದಕ್ಕೆ ಎದುರು ಎಂಬಲ್ಲಿಯೇ. ಉರ್ದು, ಕನ್ನಡ, ಇಂಗ್ಲಿಷ್, ಮೂರು ಭಾಷೆ, ಎರಡು ತಲೆಮಾರು, ಸಿಕ್ಕುವ ಮುಳ್ಳು ಒಂದೇ. ಜೂನ್‌ನಲ್ಲಿ ಹಳೆಯ ಮದುವೆ ಕಾರ್ಡುಗಳನ್ನು ತ್ರಿಭುಜವಾಗಿ ಕತ್ತರಿಸಿ, ಮೂಲೆಗೆ ಗುಂಡುಪಿನ್ನು ಚುಚ್ಚಿ ಬೋರ್ಡಿನ ಮೇಲೆ ಗರಗರ ತಿರುಗಿಸಿದೆ. ಹಿಂದಿನ ಬೆಂಚಿನಿಂದ "ಓಹೋ" ಎಂಬ ಸದ್ದು ಬಂತು. ಈ ಕೆಲಸದಲ್ಲಿ ಆ ಸದ್ದಿಗಿಂತ ದೊಡ್ಡ ಬಡ್ತಿ ನನಗೆ ಬಂದಿಲ್ಲ.

ತರಬೇತಿಗಳನ್ನೆಲ್ಲ ಒಟ್ಟಾಗಿ ಬೈದರೆ ಅನ್ಯಾಯವಾಗುತ್ತದೆ. ಶಾಲೆ ತೆರೆಯುವ ಮೊದಲಿನ ವಾರ ನಮ್ಮನ್ನೆಲ್ಲ ಕರೆಸಿ ಕೂಡಿಸುತ್ತಿದ್ದ ಕಾರ್ಯಾಗಾರಗಳಲ್ಲಿ ಬಹುಪಾಲು ಚೆಂಡೆಸೆದು ಹೆಸರು ಹೇಳುವ ಆಟ, ಪರದೆಯ ಮೇಲೆ ಓಡುವ ಸ್ಲೈಡು, ಮಧ್ಯಾಹ್ನದ ಪುಲಾವು, ಕೊನೆಗೆ ಒಂದು ಪ್ರಮಾಣಪತ್ರ. ಆದರೆ ಒಂದು ವರ್ಷ ಬಂದಿದ್ದ ಹಿರಿಯರೊಬ್ಬರು ಪ್ರತಿಯೊಬ್ಬರಿಗೂ ಒಂದು ಚೌಕ ಕಾಗದ ಕೊಟ್ಟು ಸುಮ್ಮನೆ ನಿಂತರು. ಸ್ಕೇಲು, ಕೈವಾರ ಏನೂ ಮುಟ್ಟದೆ ಅರವತ್ತು ಡಿಗ್ರಿ ಕೋನ ಮಾಡಿ ಎಂದರು. ಕಾಗದವನ್ನು ಅರ್ಧಕ್ಕೆ ಮಡಿಸಿ ನಡುಗೆರೆ ಬಿಡಿಸಿಕೊಂಡು, ಕೆಳಗಿನ ಒಂದು ಮೂಲೆ ಆ ಗೆರೆಯ ಮೇಲೆ ಬೀಳುವಂತೆ, ಮಡಿಕೆ ಕೆಳಗಿನ ಇನ್ನೊಂದು ಮೂಲೆಯಿಂದಲೇ ಹೊರಡುವಂತೆ ಮಡಿಸಿದರೆ ಬರುತ್ತದೆ. ಅದು ಸಿಗುವವರೆಗೆ ಇಡೀ ಹಾಲಿನಲ್ಲಿ ಕಾಗದದ ಸರಬರ ಬಿಟ್ಟರೆ ಬೇರೆ ಸದ್ದಿಲ್ಲ. ಮದ್ರಾಸ್ ಪ್ರಾಂತದ ಕಂದಾಯ ಇಲಾಖೆಯಲ್ಲಿ ನೌಕರಿಯಲ್ಲಿದ್ದ ಟಿ. ಸುಂದರರಾವ್ ಎಂಬವರು ಕಾಗದ ಮಡಿಸುತ್ತಲೇ ರೇಖಾಗಣಿತ ಕಲಿಯುವ ಪುಸ್ತಕ ಬರೆದು 1893ರಲ್ಲಿ ಪ್ರಕಟಿಸಿದ್ದರೆಂದೂ, ಜರ್ಮನಿಯ ದೊಡ್ಡ ಗಣಿತಜ್ಞ ಫೆಲಿಕ್ಸ್ ಕ್ಲೈನ್ ಅದನ್ನು ಹೊಗಳಿದ ಮೇಲೆ ಹೊರದೇಶಗಳವರೂ ತೆರೆದು ನೋಡಿದರೆಂದೂ ಅವರಿಂದಲೇ ತಿಳಿಯಿತು. ಕಚೇರಿಯ ಕಂದಾಯದ ಲೆಕ್ಕ ಮುಗಿಸಿ ಮನೆಯಲ್ಲಿ ಕಾಗದ ಮಡಿಸುತ್ತ ಕೂತ ಆ ಮನುಷ್ಯನ ಬಗ್ಗೆ ನನಗೆ ಬಹಳ ಅಕ್ಕರೆ.

ಅದೇ ಅಕ್ಕರೆ ಬಿ.ಜಿ.ಎಲ್. ಸ್ವಾಮಿಯವರ ಮೇಲೂ ಇದೆ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತ, ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಅಲೆದದ್ದನ್ನು 'ಹಸುರು ಹೊನ್ನು' ಮಾಡಿದರು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಓದುವಾಗ ಮೇಷ್ಟರು ಎಲ್ಲಿ ಕೆಲಸ ಮಾಡುತ್ತಿದ್ದಾರೆ, ಎಲ್ಲಿ ಮಜಾ ಮಾಡುತ್ತಿದ್ದಾರೆ ಎಂದು ಗೆರೆ ಎಳೆಯಲು ಆಗುವುದಿಲ್ಲ. ಕನ್ನಡದಿಂದ ದೂರದ ಊರಲ್ಲಿ ಮೇಷ್ಟರಿಕೆ ಮಾಡುವವರು ಬೇಸಿಗೆಯಲ್ಲಿ ಓದಲು ಇದಕ್ಕಿಂತ ಒಳ್ಳೆಯ ಪುಸ್ತಕವಿಲ್ಲ ಎಂದು ನನ್ನ ಮತ.

ನನ್ನ ಕೊನೆಯ ವರ್ಷಗಳಲ್ಲಿ ಎಲ್ಲಕ್ಕೂ ಗಂಟೆಯ ಲೆಕ್ಕ ಬಂತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ತರಬೇತಿ ಪಡೆಯಬೇಕೆಂದಿತು. ಸಿಬಿಎಸ್‌ಇ ಅದರಲ್ಲಿ 25 ಗಂಟೆ ಮಂಡಳಿಯ ಅಥವಾ ಸರ್ಕಾರದ ಸಂಸ್ಥೆಗಳಿಂದ, ಉಳಿದ 25 ಶಾಲೆಯ ಒಳಗೆ ಅಥವಾ ಶಾಲೆಗಳ ಗುಂಪಿನಲ್ಲಿ ಎಂದು ಪಾಲು ಮಾಡಿತು. ಸರ್ಕಾರದ ದೀಕ್ಷಾ ಜಾಲತಾಣದಲ್ಲಿ ಪಾಠಗಳಿವೆ, ಕೊನೆಗೆ ಪ್ರಶ್ನೆಗಳಿವೆ, ಪಾಸಾದರೆ ಪ್ರಮಾಣಪತ್ರ ಇಳಿಸಿಕೊಳ್ಳಬಹುದು. ನೀತಿ ಬರೆದವರ ಉದ್ದೇಶ ಕೆಟ್ಟದ್ದಲ್ಲ. ಆ ಪಾಠಗಳಲ್ಲಿ ಕೆಲವು ನಿಜಕ್ಕೂ ಚೆನ್ನಾಗಿವೆ. ಆದರೆ ಸ್ಟಾಫ್ ರೂಮಿನ ಸತ್ಯ ಬೇರೆ: ಒಂದು ಕಡೆ ವಿಡಿಯೊ ಸದ್ದಿಲ್ಲದೆ ಓಡುತ್ತಿರುತ್ತದೆ, ಇನ್ನೊಂದು ಕಡೆ ಬೇಳೆ ಕುಕ್ಕರು ಕೂಗುತ್ತಿರುತ್ತದೆ, ಉತ್ತರಗಳು ವಾಟ್ಸ್ಆಪಿನಲ್ಲಿ ಬಂದಿರುತ್ತವೆ. ಮಕ್ಕಳು ಕಾಪಿ ಹೊಡೆದರೆ ನಾವು ಕೊಡುವ ಭಾಷಣ ಆಗ ಯಾರಿಗೂ ನೆನಪಾಗುವುದಿಲ್ಲ. ಮಲಕ್‌ಪೇಟೆಯ ದಿವಾನದ ಮೇಲೆ ಕಲಿತದ್ದನ್ನು ತುಂಬಲು ಆ ಫಾರಮಿನಲ್ಲಿ ಜಾಗವೇ ಇಲ್ಲ.

ಅಣ್ಣನ ಮಗಳು ಈಗ ಕೂಕಟ್‌ಪಲ್ಲಿಯ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಾಳೆ. ಕಳೆದ ಏಪ್ರಿಲ್‌ನಲ್ಲಿ ಫೋನ್ ಮಾಡಿ, "ಅತ್ತಿ, ಇನ್ನೂ ಹತ್ತೊಂಬತ್ತು ತಾಸು ಉಳದಾವ, ಸೂಟಿ ಶುರು ಆಗೂದ್ರಾಗ ಮುಗಸ್ಲಿ ಏನ್, ಸೂಟಿ ಒಳಗ ಕೂತು ಮಾಡ್ಲಿ ಏನ್?" ಎಂದಳು. ಮೊದಲು ಹದಿನೈದು ದಿನ ಮಲಗು ಎಂದೆ. ಆಮೇಲೆ ನಿನಗೆ ಏನೇನೂ ಬಾರದ್ದೊಂದು ಕಲಿ, ವಿಜ್ಞಾನಕ್ಕೆ ಸಂಬಂಧ ಇಲ್ಲದ್ದು, ಸರ್ಟಿಫಿಕೇಟ್ ಇಲ್ಲದ್ದು. ತಾಸಿನ ಲೆಕ್ಕ ಜೂನ್ ಮೊದಲ ವಾರಕ್ಕೆ ಇಟ್ಟುಕೋ. ಅವಳಿಗೆ ಚಿಕ್ಕಂದಿನಿಂದ ನೀರಿನ ಭಯ. ಮೇ ಮೊದಲ ವಾರ ಈಜು ಕಲಿಯಲು ಸೇರಿದಳು, ಆರು ವರ್ಷದ ಮಕ್ಕಳ ಜೊತೆ, ಸೊಂಟಕ್ಕೆ ಥರ್ಮಕೋಲಿನ ಹಲಗೆ ಕಟ್ಟಿಕೊಂಡು. ಅವಳ ಶಾಲೆಯಲ್ಲೇ ಓದುವ ಹುಡುಗನೊಬ್ಬ ಅಲ್ಲಿದ್ದಾನಂತೆ. ಮೊದಲ ದಿನ ಟೀಚರನ್ನು ನೋಡಿ ಹೆದರಿ ಕೊಳದ ಆ ತುದಿಗೆ ಹೋದವನು, ಎರಡನೆಯ ವಾರಕ್ಕೆ ಪಕ್ಕಕ್ಕೆ ಬಂದು, "ಮ್ಯಾಮ್, ಕಾಲು ಮಡಿಸಬ್ಯಾಡ್ರಿ, ನೆಟ್ಟಗೆ ಒದೀರಿ" ಎನ್ನುವ ಅರ್ಥದಲ್ಲಿ ತೆಲುಗಿನಲ್ಲಿ ಪಾಠ ಹೇಳುತ್ತಿದ್ದನಂತೆ.

"ತೇಲಾಕ ಬಂತೇನವ್ವ?" ಎಂದು ಕೇಳಿದೆ.

"ಎಲ್ಲಿ ಅತ್ತಿ, ಮೂಗಿನ್ಯಾಗ ನೀರು ಹೋಗಿ ಸಾಕಾಗ್ಯಾದ. ಆ ಹುಡುಗ ಭಾಳ ಸ್ಟ್ರಿಕ್ಟ್ ಇದ್ದಾನ."